ಹರ್ಷವೂ ಉತ್ಸಾಹವೂ

೧

ನೆರೆಮನೆಯಲ್ಲಿ ಸಾವಾಗಿರುವಾಗ ಮದುವೆಯ ಓಲಗ ಊದಿಸಬಾರದು ಎಂಬುದು ಹಿರಿಯರು ಹಾಕಿಕೊಟ್ಟ ಮರ್ಯಾದೆ. ಇದಕ್ಕೆ ಶಾಸ್ತ್ರದ ಆಧಾರವನ್ನು ಹುಡುಕಬೇಕಾಗಿಲ್ಲ. ಅಳುವವರ ಕಿವಿಗೆ ನಗೆಯ ಸದ್ದು ಬೀಳಬಾರದೆಂಬ ಸಹಜವಾದ ಸಂಕೋಚವೇ ಇದರ ಮೂಲ. ಆದರೆ ಈ ಮರ್ಯಾದೆ ಹುಟ್ಟಿದ ಕಾಲದಲ್ಲಿ ನೆರೆ ಎಂದರೆ ಎಷ್ಟು ದೂರ ಎಂಬುದು ಎಲ್ಲರಿಗೂ ಗೊತ್ತಿತ್ತು. ಓಲಗದ ಸದ್ದು ಎಲ್ಲಿಯವರೆಗೆ ಕೇಳಿಸುತ್ತದೆಯೋ ಅಲ್ಲಿಯವರೆಗೆ ನೆರೆ. ಈಗ ಹಾಗಲ್ಲ. ಬೆಳಗಿನ ಕಾಫಿಯ ಜೊತೆಯಲ್ಲಿಯೇ ಬರುವ ಪತ್ರಿಕೆ ಭೂಮಂಡಲದ ಸಾವುನೋವುಗಳನ್ನೆಲ್ಲ ನಮ್ಮ ಜಗಲಿಗೆ ತಂದು ಹಾಕುತ್ತದೆ. ಒಂದು ದಿಕ್ಕಿನಲ್ಲಿ ಯುದ್ಧ, ಇನ್ನೊಂದು ದಿಕ್ಕಿನಲ್ಲಿ ನೆರೆ, ಮತ್ತೊಂದು ಕಡೆ ಬರ. ಲೋಕವೆಲ್ಲ ನೆರೆಮನೆಯಾಗಿರುವಾಗ, ಆ ಮನೆಯಲ್ಲಿ ಸಾವಿಲ್ಲದ ದಿನವೇ ಇಲ್ಲವಾಗಿರುವಾಗ, ಓಲಗವನ್ನು ಊದಿಸುವುದು ಯಾವಾಗ?

ಇದು ಬರಿಯ ಮಾತಿನ ಚಮತ್ಕಾರವಲ್ಲ. ಸೂಕ್ಷ್ಮ ಮನಸ್ಸಿನವರು ಎಷ್ಟೋ ಜನ ಈ ಪ್ರಶ್ನೆಯ ಭಾರದಿಂದ ಕುಗ್ಗಿರುವುದುಂಟು. ಹಬ್ಬದ ಊಟಕ್ಕೆ ಕುಳಿತಾಗ ಹಸಿದವನ ನೆನಪು. ಮಗುವಿನ ನಗೆ ಕೇಳಿದಾಗ ಮಗುವನ್ನು ಕಳೆದುಕೊಂಡ ತಾಯಿಯ ನೆನಪು. ನೆನಪು ಬಾರದವನು ಕಲ್ಲೆದೆಯವನು. ನೆನಪು ಬಂದವನು ಊಟದಿಂದ ಎದ್ದುಬಿಡಬೇಕೆ? ಲೋಕದಲ್ಲಿ ದುಃಖವಿರುವಾಗ ಉಲ್ಲಾಸಪಡುವುದಕ್ಕೆ ನಮಗೆ ಹಕ್ಕುಂಟೆ? ಉಂಟಾದರೆ, ಎಂತಹ ಉಲ್ಲಾಸಕ್ಕೆ?

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತಿಗೆ ಮಾತು ಬೆಳೆದೀತೇ ಹೊರತು ಮನಸ್ಸಿಗೆ ಸಮಾಧಾನವಾಗದು. ಕಣ್ಣ ಮುಂದೆ ಒಂದು ನಿದರ್ಶನವಿದ್ದರೆ ಒಳ್ಳೆಯದು. ಅಂತಹ ನಿದರ್ಶನವೊಂದು ಐರೋಪ್ಯ ಸಂಗೀತದ ಚರಿತ್ರೆಯಲ್ಲಿದೆ. ಅದು ಬೀಥೋವೆನ್ನನ ಏಳನೆಯ ಸಿಂಫನಿ, ಮತ್ತು ಅದನ್ನು ಮೊದಲ ಬಾರಿಗೆ ನುಡಿಸಿದ ಒಂದು ದಿನ.

೨

ಆ ದಿನ ೧೮೧೩ನೆಯ ಇಸವಿ ಡಿಸೆಂಬರ್ ೮. ಸ್ಥಳ ವಿಯನ್ನಾ ವಿಶ್ವವಿದ್ಯಾಲಯದ ಸಭಾಂಗಣ. ಅಕ್ಟೋಬರ್ ತಿಂಗಳಲ್ಲಿ ಲೈಪ್‌ಜಿಗ್‌ನಲ್ಲಿ ಸೋತು ಹಿಂದೆಗೆಯುತ್ತಿದ್ದ ನೆಪೋಲಿಯನ್ನನ ಸೈನ್ಯವನ್ನು ಆಸ್ಟ್ರಿಯ ಮತ್ತು ಬವೇರಿಯದ ದಳಗಳು ಹಾನಾವ್ ಎಂಬಲ್ಲಿ ಅಡ್ಡಗಟ್ಟಿದ್ದವು. ಅಲ್ಲಿ ಗಾಯಗೊಂಡ ಸೈನಿಕರ ಸಹಾಯಾರ್ಥವಾಗಿ ಏರ್ಪಡಿಸಿದ ಕಚೇರಿ ಇದು. ಕೇವಲ ಐದಾರು ವಾರಗಳ ಹಿಂದಿನ ಗಾಯಗಳು, ಇನ್ನೂ ಮಾಯದವು. ಆ ಗಾಯಗಳ ಹೆಸರಿನಲ್ಲಿ ಜನ ಸೇರಿದ್ದರು. ಅವರ ಮುಂದೆ ಬೀಥೋವೆನ್ ಇಟ್ಟದ್ದು, ಅವನು ಬರೆದ ಸಿಂಫನಿಗಳಲ್ಲೆಲ್ಲ ಅತ್ಯಂತ ಉಲ್ಲಾಸದ್ದು ಎನ್ನಿಸಿಕೊಂಡ ಕೃತಿ. ಮುಂದೆ ವಾಗ್ನರನು ಇದನ್ನು ನೃತ್ಯವೇ ದೇವತ್ವಕ್ಕೇರಿದ ರೂಪವೆಂದು ಕೊಂಡಾಡಿದನು. ನರಳುವವರ ನೆನಪಿನಲ್ಲಿ ನೃತ್ಯ! ಇದು ಔಚಿತ್ಯವೆ?

ಕೃತಿಯನ್ನು ನಡೆಸುತ್ತಿದ್ದವನ ಸ್ಥಿತಿಯನ್ನೂ ನೋಡಬೇಕು. ಬೀಥೋವೆನ್ನನಿಗೆ ಆಗ ನಲವತ್ತೆರಡು ವರ್ಷ. ಕಿವಿ ಮಂದವಾಗತೊಡಗಿ ಹದಿನೈದು ವರ್ಷಗಳಾಗುತ್ತ ಬಂದಿದ್ದವು. ೧೮೦೨ರಲ್ಲಿಯೇ ಹೈಲಿಗೆನ್‌ಷ್ಟಾಟ್ ಎಂಬ ಹಳ್ಳಿಯಲ್ಲಿದ್ದುಕೊಂಡು ಅವನು ತಮ್ಮಂದಿರಿಗೆಂದು ಒಂದು ಪತ್ರ ಬರೆದಿಟ್ಟಿದ್ದನು. ಬದುಕನ್ನು ಮುಗಿಸಿಬಿಡುವ ಯೋಚನೆ ಬಂದಿತ್ತೆಂದೂ ಕಲೆಯೊಂದೇ ತನ್ನನ್ನು ತಡೆಯಿತೆಂದೂ ಅದರಲ್ಲಿ ತೋಡಿಕೊಂಡಿದ್ದನು. ಆ ಪತ್ರ ಬೆಳಕಿಗೆ ಬಂದದ್ದು ೧೮೨೭ರಲ್ಲಿ ಅವನು ಸತ್ತ ಮೇಲೆ. ೧೮೧೩ರ ಆ ಕಚೇರಿಯಲ್ಲಿ ಪಿಟೀಲು ನುಡಿಸಿದವರಲ್ಲಿ ಒಬ್ಬನಾದ ಲೂಯಿ ಸ್ಪೋರ್, ಅಭ್ಯಾಸದ ಹೊತ್ತಿನ ಒಂದು ಪ್ರಸಂಗವನ್ನು ಆತ್ಮಕಥೆಯಲ್ಲಿ ದಾಖಲೆ ಮಾಡಿದ್ದಾನೆ. ಸದ್ದು ತಗ್ಗಬೇಕಾದಾಗ ಬೀಥೋವೆನ್ ಮೇಜಿನ ಕೆಳಗೆ ಕುಗ್ಗಿ ಕೂರುವನು. ಸದ್ದು ಏರಬೇಕಾದಾಗ ಮೇಲಕ್ಕೆ ಹಾರುವನು. ಒಂದು ಕಡೆ ಸ್ವರಗಳು ಬಹಳ ಮೆಲ್ಲಗಿದ್ದುದರಿಂದ ಅವನಿಗೆ ಕೇಳಿಸದೆ, ವಾದ್ಯಗಾರರಿಗಿಂತ ಹತ್ತು ಹನ್ನೆರಡು ಆವರ್ತ ಮುಂದೆ ಹೋಗಿಬಿಟ್ಟನು. ಸದ್ದು ಭೋರ್ಗರೆಯಬೇಕೆಂದು ಹಾರಿದನು, ಭೋರ್ಗರೆಯಲಿಲ್ಲ. ಗಾಬರಿಯಿಂದ ಸುತ್ತಲೂ ನೋಡಿದನು. ಅವನು ಕಾದಿದ್ದ ಭೋರ್ಗರೆತ ಕೊನೆಗೂ ಬಂದು ಕಿವಿಗೆ ಬಿದ್ದಾಗಲೇ ಅವನಿಗೆ ತನ್ನ ಸ್ಥಾನ ತಿಳಿದದ್ದು.

ಈ ಚಿತ್ರವನ್ನು ನಗೆಪಾಟಲಾಗಿ ಕಾಣುವುದು ಸುಲಭ. ಆದರೆ ಒಂದು ಮಾತನ್ನು ಗಮನಿಸಬೇಕು. ಅವನು ಹಾರಿದ್ದು ಕೇಳಿದ ಸಂಗೀತಕ್ಕಲ್ಲ, ಕೇಳದ ಸಂಗೀತಕ್ಕೆ. ಹೊರಗಿನ ಸದ್ದು ಒಳಗೆ ಹೊಕ್ಕು ಅವನನ್ನು ಕುಣಿಸಲಿಲ್ಲ. ಒಳಗಿನದು ಹೊರಗಿನ ಸದ್ದಿಗೆ ಕಾಯದೆ ಎದ್ದಿತು.

೩

ಅದೇ ಕಚೇರಿಯಲ್ಲಿ ಬೀಥೋವೆನ್ನನದೇ ಆದ ಇನ್ನೊಂದು ಹೊಸ ಕೃತಿಯನ್ನೂ ನುಡಿಸಿದರು. ಹೆಸರು 'ವೆಲಿಂಗ್ಟನ್ನನ ವಿಜಯ'. ಅದೇ ವರ್ಷ ಜೂನ್ ೨೧ರಂದು ಸ್ಪೇನ್ ದೇಶದ ವಿಟೋರಿಯದಲ್ಲಿ ವೆಲಿಂಗ್ಟನ್ ಫ್ರೆಂಚರನ್ನು ಸೋಲಿಸಿದ್ದನು. ಯಂತ್ರಕುಶಲಿಯಾದ ಮೆಲ್ಟ್ಸೆಲ್ ಎಂಬಾತ ತನ್ನದೊಂದು ವಾದ್ಯಯಂತ್ರಕ್ಕಾಗಿ ಈ ವಿಜಯವನ್ನು ಕುರಿತು ಸಂಗೀತ ಬರೆದುಕೊಡಬೇಕೆಂದು ಕೇಳಿದನು. ಬೀಥೋವೆನ್ ಬರೆದು, ಆಮೇಲೆ ಅದನ್ನು ದೊಡ್ಡ ವಾದ್ಯಮೇಳಕ್ಕೆ ವಿಸ್ತರಿಸಿದನು. ಒಂದು ಪಕ್ಕದಿಂದ ಆಂಗ್ಲರ ನಗಾರಿ ಕಹಳೆಗಳು, ಇನ್ನೊಂದು ಪಕ್ಕದಿಂದ ಫ್ರೆಂಚರವು. ನಡುವೆ ಬಂದೂಕು ಫಿರಂಗಿಗಳ ಸದ್ದು. ಫಿರಂಗಿಗಳ ತಾಳವನ್ನು ಹಿಡಿದು ನಿಂತವನು ಅರಮನೆಯ ಸಂಗೀತಾಚಾರ್ಯ ಸಾಲಿಯೇರಿ. ಕಾಳಗ ಮುಗಿದ ಮೇಲೆ ಫ್ರೆಂಚರ ರಾಗವೇ ಶೋಕದ ಮೇಳಕ್ಕೆ ತಿರುಗಿ, ಕುಂಟುತ್ತ, ತಡವರಿಸುತ್ತ ಮರೆಯಾಗುತ್ತದೆ. ಅದನ್ನು ಕನಿಕರವೆನ್ನಬಹುದು, ಅಣಕವೆನ್ನಲೂಬಹುದು. ಅನಂತರ ವಿಜಯೋತ್ಸವ; ಇಂಗ್ಲೆಂಡಿನ ರಾಜಗೀತೆ; ಜಯಘೋಷ.

ಜನಕ್ಕೆ ಹುಚ್ಚು ಹಿಡಿದಂತಾಯಿತು. ಸಿಂಫನಿಯೂ ಮೆಚ್ಚುಗೆ ಪಡೆಯಿತು. ಅದರ ಎರಡನೆಯ ಭಾಗವನ್ನು ಮತ್ತೊಮ್ಮೆ ನುಡಿಸಬೇಕೆಂದು ಒತ್ತಾಯವಾಯಿತು. ಆದರೆ ಊರಿನ ಬಾಯಲ್ಲಿ ನಿಂತದ್ದು 'ವಿಜಯ'ವೇ. ನಾಲ್ಕು ದಿನ ಬಿಟ್ಟು, ೧೨ರಂದು, ಇಡೀ ಕಾರ್ಯಕ್ರಮ ಮರಳಿ ನಡೆಯಿತು. ಎರಡೂ ದಿನ ಸೇರಿ ಸುಮಾರು ೪,೦೦೦ ಗುಲ್ಡನ್ ಗಾಯಾಳುಗಳ ನಿಧಿಗೆ ಹೋಯಿತು.

ಇವೆರಡು ಕೃತಿಗಳ ಹತ್ತಿರದ ನಂಟನ್ನು ಪ್ರಕಾಶಕರು ಕೊಟ್ಟ ಸಂಖ್ಯೆಗಳೇ ತೋರಿಸುತ್ತವೆ. 'ವಿಜಯ' ೯೧ನೆಯ ಕೃತಿ, ಏಳನೆಯ ಸಿಂಫನಿ ೯೨ನೆಯದು. ಒಂದೇ ಕೈ ಬರೆದದ್ದು, ಒಂದೇ ದಿನ ಒಂದೇ ಮೇಳ ನುಡಿಸಿದ್ದು, ಒಂದೇ ಜನ ಕೇಳಿದ್ದು. ವಿಜಯೋತ್ಸವದ ಮುಖ್ಯ ಭಾಗದ ನೆತ್ತಿಯ ಮೇಲೆ ಇರುವ ನಡೆಯ ಸೂಚನೆ 'ಅಲ್ಲೆಗ್ರೋ ಕೋನ್ ಬ್ರಿಯೋ', ಅಂದರೆ ಚುರುಕಾಗಿ, ಕೆಚ್ಚಿನಿಂದ. ಸಿಂಫನಿಯ ಕೊನೆಯ ಭಾಗದ ಮೇಲೆ ಇರುವುದೂ ಅಕ್ಷರಶಃ ಅದೇ ಸೂಚನೆ. ಎರಡೂ ಮೇಜರ್ ಮೇಳದವು. ನಮ್ಮವರ ಕಿವಿಗೆ ಎರಡೂ ಶಂಕರಾಭರಣವೇ. ಎರಡರಲ್ಲಿಯೂ ನಗಾರಿ ಕಹಳೆಗಳ ಅಬ್ಬರ. ನಡೆ ಒಂದೇ, ಮೇಳ ಒಂದೇ, ಅಬ್ಬರವೂ ಒಂದೇ. ಆದರೂ ಇಂದು ಲೋಕದ ಸಭಾಂಗಣಗಳಲ್ಲಿ ಏಳನೆಯ ಸಿಂಫನಿ ವರ್ಷವರ್ಷವೂ ನುಡಿಯುತ್ತದೆ. 'ವಿಜಯ' ಕುತೂಹಲದ ವಸ್ತುವಾಗಿ ಅಪರೂಪಕ್ಕೆ ಹೊರಬರುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

೪

ಶ್ರುತಿಯಲ್ಲಿ ಇದ್ದೀತೇನೋ ನೋಡೋಣ. ಏಳನೆಯ ಸಿಂಫನಿ 'ಎ' ಮೇಜರಿನಲ್ಲಿದೆ. ವಿಜಯೋತ್ಸವ ಮೊದಲಾಗುವುದು 'ಡಿ' ಮೇಜರಿನಲ್ಲಿ. ಸ್ವರಗಳ ನಡುವಣ ಅಂತರ ಎರಡರಲ್ಲಿಯೂ ಒಂದೇ. ಷಡ್ಜವನ್ನು ಇಟ್ಟ ಎತ್ತರ ಮಾತ್ರ ಬೇರೆ. ನಮ್ಮ ಪದ್ಧತಿಯಲ್ಲಿ ಗಾಯಕನು ತನ್ನ ಕಂಠಕ್ಕೆ ಒಗ್ಗುವ ಷಡ್ಜವನ್ನು ಇಟ್ಟುಕೊಳ್ಳುತ್ತಾನೆ, ಅದರಿಂದ ರಾಗದ ಭಾವ ಬದಲಾಗುತ್ತದೆಂದು ಯಾರೂ ಹೇಳರು. ಐರೋಪ್ಯರಲ್ಲಿ ಮಾತ್ರ ಒಂದೊಂದು ಎತ್ತರಕ್ಕೆ ಒಂದೊಂದು ಸ್ವಭಾವವನ್ನು ಆರೋಪಿಸುವ ವಾಡಿಕೆ ಬಹುಕಾಲ ನಡೆದುಬಂದಿತು. ಅಂತಹ ಪಟ್ಟಿಗಳಲ್ಲಿ ಹೆಸರಾದದ್ದು ಜರ್ಮನಿಯ ಕವಿ, ಸಂಗೀತಗಾರ ಶೂಬಾರ್ಟನದು. 'ಡಿ' ಮೇಜರ್ ಅವನ ಪ್ರಕಾರ ಜಯಘೋಷದ, ರಣೋತ್ಸಾಹದ ಶ್ರುತಿ. 'ಎ' ಮೇಜರ್ ಮುಗ್ಧ ಪ್ರೇಮದ, ತನ್ನ ಪಾಡಿಗೆ ತಾನು ತೃಪ್ತನಾಗಿರುವ ಮನಸ್ಸಿನ, ಯೌವನದ ಲವಲವಿಕೆಯ, ದೇವರಲ್ಲಿಟ್ಟ ಭರವಸೆಯ ಶ್ರುತಿ.

ನಮ್ಮ ಎರಡು ಕೃತಿಗಳಿಗೆ ಈ ಪಟ್ಟಿ ಚೆನ್ನಾಗಿಯೇ ಒಪ್ಪುತ್ತದೆ. ಹಾಗೆಂದು ಇದನ್ನು ನಿಯಮವೆಂದು ನಂಬುವಂತಿಲ್ಲ. ಆ ಕಾಲದಲ್ಲಿ ಊರಿಗೊಂದು ಶ್ರುತಿ. ಒಂದು ಪಟ್ಟಣದ 'ಎ' ಇನ್ನೊಂದು ಪಟ್ಟಣದಲ್ಲಿ ಬೇರೆ ಸ್ವರವಾಗಿ ಕೇಳಿಸಬಹುದಾಗಿತ್ತು. ಶ್ರುತಿಗೆ ಏನಾದರೂ ಸ್ವಭಾವವಿದ್ದರೆ ಅದು ಬಹುಪಾಲು ವಾದ್ಯದ ಮೈಯಿಂದ ಬಂದದ್ದು. ಪಿಟೀಲಿನ ನಾಲ್ಕು ತಂತಿಗಳಲ್ಲಿ 'ಎ' ಒಂದು, ಅದರ ಪಂಚಮವಾದ 'ಇ' ಇನ್ನೊಂದು. ಈ ಶ್ರುತಿಯಲ್ಲಿ ಬಿಟ್ಟ ತಂತಿಗಳು ತಾವಾಗಿ ಕೂಡಿ ಮಿಡಿದು ಕಾಂತಿಯನ್ನು ಕೊಡುತ್ತವೆ. ಹಾರ್ನ್ ಎಂಬ ಕೊಂಬನ್ನು ಈ ಶ್ರುತಿಗೆ ಅಳವಡಿಸಿದರೆ ಅದು ತಾರದಲ್ಲಿ ಕೂಗುತ್ತದೆ. ಬೆಟ್ಟದ ಮೇಲಿನಿಂದ ಕರೆದಂತೆ ಕೇಳಿಸುತ್ತದೆ.

ಆದರೆ ಶೂಬಾರ್ಟನ ಪಟ್ಟಿಯಲ್ಲಿ ನಮ್ಮ ಪ್ರಶ್ನೆಗೆ ಬೇಕಾದದ್ದು ಬೇರೊಂದಿದೆ. ಆ ಪಟ್ಟಿಯನ್ನು ಅವನು ಹೇಳಿ ಬರೆಸಿದ್ದು ಸೆರೆಮನೆಯಲ್ಲಿ. ವುರ್ಟೆಂಬರ್ಗಿನ ದೊರೆಯನ್ನು ಟೀಕಿಸಿದ ತಪ್ಪಿಗೆ ೧೭೭೭ರಿಂದ ೧೭೮೭ರವರೆಗೆ, ವಿಚಾರಣೆಯೇ ಇಲ್ಲದೆ, ಹೋಹೆನಾಸ್ಪೆರ್ಗ್ ಕೋಟೆಯಲ್ಲಿ ಅವನನ್ನು ಕೂಡಿಹಾಕಿದ್ದರು. ಅವನು ೧೭೯೧ರಲ್ಲಿ ತೀರಿಕೊಂಡನು. ಪುಸ್ತಕ ೧೮೦೬ರಲ್ಲಿ ಅಚ್ಚಾಯಿತು. ಯೌವನದ ಲವಲವಿಕೆ, ದೇವರಲ್ಲಿ ಭರವಸೆ ಎಂದು ಹೇಳಿದ ಬಾಯಿ ಕೋಟೆಯ ಗೋಡೆಯೊಳಗಿತ್ತು. ಆ ಶ್ರುತಿಯಲ್ಲಿ ನಿಜವಾಗಿ ಅಂತಹ ಗುಣವಿತ್ತೋ ಇಲ್ಲವೋ. ಇದೆಯೆಂದು ಹೇಳುವ ಶಕ್ತಿ ಸೆರೆಯಲ್ಲಿದ್ದವನಿಗೆ ಇತ್ತು. ಉಲ್ಲಾಸವೆಂಬುದು ಅನುಕೂಲಸ್ಥರ ಸೊತ್ತು ಎಂದು ನಾವು ಸುಲಭವಾಗಿ ತಿಳಿಯುತ್ತೇವೆ. ನೊಂದವರ ಎದುರಿಗೆ ನಗುವುದು ತಪ್ಪು ಎನ್ನುವಾಗ, ನೊಂದವರು ನಗಲಾರರು ಎಂದು ನಾವೇ ತೀರ್ಮಾನಿಸಿಬಿಟ್ಟಿರುತ್ತೇವೆ. ಇದು ಕನಿಕರದ ವೇಷದಲ್ಲಿರುವ ಅಹಂಕಾರ.

೫

ಶ್ರುತಿಯಲ್ಲಿ ಉತ್ತರ ಸಿಗಲಿಲ್ಲ, ಲಯದಲ್ಲಿ ನೋಡೋಣ. ಉಲ್ಲಾಸ ಎಂದರೆ ವೇಗ ಎಂಬುದು ಜನಸಾಮಾನ್ಯದ ಎಣಿಕೆ. ಮೇಲೆ ಹೇಳಿದ ಮೆಲ್ಟ್ಸೆಲ್ಲನೇ ವೇಗವನ್ನು ಅಳೆಯುವ ಯಂತ್ರವನ್ನೂ ಬಳಕೆಗೆ ತಂದನು. ಆಮ್‌ಸ್ಟರ್‌ಡ್ಯಾಮಿನ ವಿಂಕೆಲ್ ಎಂಬವನು ಕಂಡುಹಿಡಿದದ್ದನ್ನು ತಿದ್ದಿ, ಮೆಟ್ರೊನೋಮ್ ಎಂದು ಹೆಸರಿಟ್ಟು, ೧೮೧೫ರಲ್ಲಿ ಹಕ್ಕುಪತ್ರ ಮಾಡಿಸಿಕೊಂಡನು. ೧೮೧೭ರಲ್ಲಿ ಬೀಥೋವೆನ್ ತನ್ನ ಎಂಟು ಸಿಂಫನಿಗಳಿಗೂ ಈ ಯಂತ್ರದ ಅಂಕಿಗಳನ್ನು ಗೊತ್ತುಮಾಡಿ ಪ್ರಕಟಿಸಿದನು. 'ವಿಜಯ'ದ ಒಡೆತನಕ್ಕಾಗಿ ಈ ಇಬ್ಬರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು, ಆಮೇಲೆ ರಾಜಿಯಾದರು. ಬೀಥೋವೆನ್ನನಿಗೆ ಕಿವಿಗೊಳವೆಗಳನ್ನು ಮಾಡಿಕೊಟ್ಟವನೂ ಮೆಲ್ಟ್ಸೆಲ್ಲನೇ.

ಏಳನೆಯ ಸಿಂಫನಿಯ ಅಂಕಿಗಳು ವಿಚಾರಮಾಡತಕ್ಕವು. ಎರಡನೆಯ ಭಾಗವನ್ನು ಕೇಳಿದವರೆಲ್ಲ ಶವಯಾತ್ರೆಯ ನೆನಪಾಗುತ್ತದೆನ್ನುತ್ತಾರೆ. ಅದರ ಅಂಕಿ ನಿಮಿಷಕ್ಕೆ ೭೬. ಕೊನೆಯ ಭಾಗ ಕಟ್ಟು ಹರಿದ ಕುಣಿತ. ಅದರ ಅಂಕಿ ೭೨. ಅಂಕಿಯನ್ನಷ್ಟೇ ನೋಡಿದವನು ಶೋಕವೇ ಉಲ್ಲಾಸಕ್ಕಿಂತ ವೇಗದ್ದು ಎಂದುಕೊಂಡಾನು. ನಿಜಸಂಗತಿಯೆಂದರೆ, ಯಂತ್ರದ ಒಂದು ಪೆಟ್ಟಿನೊಳಗೆ ಎಷ್ಟು ಸ್ವರ ಅಡಗಿದೆ ಎಂಬುದು ಎರಡು ಕಡೆಯೂ ಬೇರೆ ಬೇರೆ. ಪೆಟ್ಟು ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಬೀಳುತ್ತಿರುತ್ತದೆ. ಒಂದರಲ್ಲಿ ಪೆಟ್ಟಿಗೆ ಒಂದು ಹೆಜ್ಜೆ, ಇನ್ನೊಂದರಲ್ಲಿ ಪೆಟ್ಟಿಗೆ ಎರಡು. ಆರೋಗ್ಯವಂತನ ನಾಡಿ ನಿಮಿಷಕ್ಕೆ ಸುಮಾರು ೭೨ ಬಾರಿ ಮಿಡಿಯುತ್ತದೆಂದು ವೈದ್ಯರು ಹೇಳುವುದುಂಟು. ಇದು ಕಾಕತಾಳೀಯವಿದ್ದೀತು, ಆದರೂ ಒಂದು ಸತ್ಯವನ್ನು ಸೂಚಿಸುತ್ತದೆ. ಅಳುವಾಗಲೂ ನಗುವಾಗಲೂ ಎದೆ ಒಂದೇ. ಅದರ ಬಡಿತ ಅಷ್ಟಾಗಿ ಬೇರೆಯಲ್ಲ. ಒಂದು ಬಡಿತದಲ್ಲಿ ನಾವು ಎಷ್ಟು ತುಂಬುತ್ತೇವೆಂಬುದು ಬೇರೆ.

ವೇಗ ಹೆಚ್ಚಿದರೆ ಉಲ್ಲಾಸ ಹೆಚ್ಚುತ್ತದೆಂಬುದೂ ಪೂರ್ಣ ಸತ್ಯವಲ್ಲ. ಟಾಸ್ಕನೀನಿಯವರು ಈ ಕೃತಿಯನ್ನು ಬಿಗಿಯಾಗಿ, ಬಿರುಸಾಗಿ ನಡೆಸಿದರು. ಕ್ಲೆಂಪರರ್ ಅವರು ಬಹಳ ನಿಧಾನವಾಗಿ ನಡೆಸಿದರು. ಯೆಹೂದ್ಯರಾದ ಕ್ಲೆಂಪರರ್ ೧೯೩೩ರಲ್ಲಿ ಜರ್ಮನಿಯನ್ನು ಬಿಟ್ಟು ಓಡಬೇಕಾಯಿತು. ೧೯೩೯ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾಗಿ ಮೈಯ ಒಂದು ಭಾಗ ಸ್ವಾಧೀನ ತಪ್ಪಿತು. ಆಮೇಲೆ ಲಂಡನ್ನಿನ ಫಿಲಹಾರ್ಮೋನಿಯ ಮೇಳದೊಡನೆ ೧೯೫೫ರಲ್ಲಿ ಒಮ್ಮೆ, ೧೯೬೦ರಲ್ಲಿ ಇನ್ನೊಮ್ಮೆ ಅವರು ಈ ಸಿಂಫನಿಯ ಧ್ವನಿಮುದ್ರಣ ಮಾಡಿದರು. ಆ ಮೇಳ ೧೯೪೫ರಲ್ಲಿ ಹುಟ್ಟಿದ್ದು. ಅದರ ಎಳವೆಯ ವರ್ಷಗಳಲ್ಲಿ ಧನಸಹಾಯ ಮಾಡಿ ಎತ್ತಿಹಿಡಿದವರಲ್ಲಿ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರವರು ಒಬ್ಬರೆಂಬುದನ್ನು ಕನ್ನಡಿಗರು ನೆನೆಯಬಹುದು. ಕ್ಲೆಂಪರರ್ ಅವರ ನಿಧಾನದ ನಡೆಯಲ್ಲಿ ಉಲ್ಲಾಸ ಕುಂದುವುದಿಲ್ಲ. ಭಾರವಾದದ್ದೊಂದು ಎದ್ದು ನಿಂತು ಕುಣಿದಂತೆ ಆಗುತ್ತದೆ. ಮೆಲ್ಟ್ಸೆಲ್ಲನ ಬಳಿ ಚದುರಂಗವಾಡುವ ಬೊಂಬೆಯೊಂದಿತ್ತು. ಯಂತ್ರವೇ ಆಡುತ್ತದೆಂದು ಜನ ಬೆರಗಾಗುತ್ತಿದ್ದರು. ನಿಜವಾಗಿ ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ ಅಡಗಿ ಕುಳಿತಿರುತ್ತಿದ್ದನು. ಲಯದ ಅಂಕಿಯೂ ಹಾಗೆಯೆ. ಒಳಗೆ ಮನುಷ್ಯನಿಲ್ಲದಿದ್ದರೆ ಅದು ಬರಿಯ ಪೆಟ್ಟಿಗೆ.

೬

ಇನ್ನು ಉಳಿದದ್ದು ಭಾವ. ಇಲ್ಲಿ ನಮ್ಮ ಆಲಂಕಾರಿಕರು ಕೈಹಿಡಿದು ನಡೆಸುತ್ತಾರೆ. ಭರತನು ಹರ್ಷವನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದೆಂದು ಎಣಿಸಿದನು. ಬಂದು ಹೋಗುವ ಭಾವ ಅದು; ಅಲೆಯಂತೆ ಏಳುತ್ತದೆ, ಬೀಳುತ್ತದೆ. ಉತ್ಸಾಹವನ್ನಾದರೋ ಅವನು ಸ್ಥಾಯಿಭಾವಗಳ ಸಾಲಿಗೆ ಸೇರಿಸಿದನು. ಅದು ವೀರರಸದ ಬೇರು. ನಾವು ಎರಡನ್ನೂ 'ಸಂತೋಷ' ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಅಲ್ಲಿಯೇ ನಮ್ಮ ಗೊಂದಲದ ಮೂಲವಿರುವುದು.

ಶಬ್ದಗಳ ಹುಟ್ಟನ್ನೇ ನೋಡಿ. ಹರ್ಷ ಎಂದರೆ ಮೈ ನವಿರೇಳುವುದು. ಹೊರಗಿನಿಂದ ಏನೋ ತಗುಲಿತು, ಮೈ ಪುಲಕಿಸಿತು. ಗೆದ್ದ ಸುದ್ದಿ ಬಂದರೆ ಹರ್ಷ, ಸೋತ ಸುದ್ದಿ ಬಂದರೆ ಅದು ಇಲ್ಲ. ಉತ್ಸಾಹದ ಧಾತು 'ಸಹ್'. ಸಹಿಸು, ಸಹನೆ ಎಂಬ ಮಾತುಗಳೂ ಅದರಿಂದಲೇ ಬಂದವು. 'ಉತ್' ಎಂದರೆ ಮೇಲಕ್ಕೆ. ಹೊತ್ತದ್ದನ್ನು ಕೆಳಗಿಳಿಸದೆ ಮೇಲಕ್ಕೇಳುವುದು ಉತ್ಸಾಹ. ಸಹನೆಯೂ ಉತ್ಸಾಹವೂ ಒಂದೇ ತಾಯ ಮಕ್ಕಳು ಎಂಬುದನ್ನು ನಮ್ಮ ನುಡಿ ನಮಗಿಂತ ಚೆನ್ನಾಗಿ ಬಲ್ಲದು.

'ವಿಜಯ'ದ ಉಲ್ಲಾಸ ಹರ್ಷ. ಅದಕ್ಕೆ ಕಾರಣ ಹೊರಗಿದೆ, ಕಾರಣಕ್ಕೆ ದಿನಾಂಕವಿದೆ, ಕುಂಟುತ್ತ ಹೋಗುವ ಎದುರಾಳಿಯೂ ಇದ್ದಾನೆ. ಅವನಿಲ್ಲದೆ ಆ ಕುಣಿತವಿಲ್ಲ. ವಿಟೋರಿಯ ಯಾರಿಗೂ ನೆನಪಿಲ್ಲದ ಕಾಲಕ್ಕೆ ಆ ಸಂಗೀತವೂ ಬರಿದಾಗಲೇಬೇಕು. ಏಳನೆಯ ಸಿಂಫನಿಯಲ್ಲಿ ಗೆದ್ದವರಿಲ್ಲ, ಸೋತವರಿಲ್ಲ. ಮೊದಲ ಭಾಗದ ದೀರ್ಘವಾದ ಪೀಠಿಕೆ ಮುಗಿಯುವಾಗ ಎಲ್ಲ ಸ್ವರಗಳೂ ಕಳಚಿಬಿದ್ದು ಪಂಚಮವೊಂದೇ ಉಳಿಯುತ್ತದೆ. ಆ ಒಂದೇ ಸ್ವರ ಅರವತ್ತು ಬಾರಿಯ ಆಸುಪಾಸು ಮರುಕಳಿಸುತ್ತದೆ. ಅಲ್ಲಿಯೇ, ಆ ಬಡತನದಲ್ಲಿಯೇ, ಆರು ಮಾತ್ರೆಗಳನ್ನು ಮೂರು, ಒಂದು, ಎರಡು ಎಂದು ಹಂಚಿಕೊಂಡ ಕುಪ್ಪಳಿಸುವ ಗಣವೊಂದು ಹುಟ್ಟುತ್ತದೆ. ಅದೇ ಮುಂದಿನ 'ವಿವಾಚೆ'ಯನ್ನೆಲ್ಲ ಹೊತ್ತು ಓಡುತ್ತದೆ. ಉಲ್ಲಾಸಕ್ಕೆ ಸಾಮಗ್ರಿ ಬಹಳ ಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಡ.

ಎರಡನೆಯ ಭಾಗವೇ ಈ ಕೃತಿಯ ತಿರುಳು. ಅದು 'ಎ' ಮೈನರಿನಲ್ಲಿದೆ; ನಟಭೈರವಿ, ಕೀರವಾಣಿಗಳ ನೆರಳು ಬಿದ್ದ ಮೇಳ. ಒಂದು ಗುರು, ಎರಡು ಲಘು, ಮತ್ತೆರಡು ಗುರು: ಭಗಣದ ಮುಂದೆ ಎರಡು ಗುರು ಇಟ್ಟಂತಹ ನಡೆ. ಮಂದ್ರದ ತಂತಿವಾದ್ಯಗಳು ಇದನ್ನು ಬಹುಮಟ್ಟಿಗೆ ಒಂದೇ ಸ್ವರದ ಮೇಲೆ ಮೆಟ್ಟುತ್ತ ಮೊದಲಿಡುತ್ತವೆ. ಆದರೆ ಬೀಥೋವೆನ್ ಇದರ ಮೇಲೆ ವಿಳಂಬವೆಂದು ಬರೆಯಲಿಲ್ಲ. 'ಅಲ್ಲೆಗ್ರೆಟ್ಟೋ' ಎಂದು ಬರೆದನು, ಅಂದರೆ ತುಸು ಚುರುಕಾಗಿ. ಈ ಸಿಂಫನಿಯಲ್ಲಿ ವಿಳಂಬಕಾಲದ ಭಾಗವೇ ಇಲ್ಲ. ಶೋಕ ಇದೆ, ಆದರೆ ಅದು ಕುಸಿದು ಕೂರುವುದಿಲ್ಲ, ನಡೆಯುತ್ತದೆ. ನಡುವೆ ಒಮ್ಮೆ ಮೇಳ ಮೇಜರಿಗೆ ತಿರುಗಿ, ಕ್ಲಾರಿನೆಟ್ಟಿನಿಂದ ಸಾಂತ್ವನದಂತಹ ರಾಗವೊಂದು ಬರುತ್ತದೆ. ಆಗಲೂ ಕೆಳಗೆ ಕಿವಿಗೊಟ್ಟು ಕೇಳಿದರೆ, ಶವಯಾತ್ರೆಯ ಆ ಹೆಜ್ಜೆ ನಿಂತಿಲ್ಲ. ಮೇಲೆ ಬಿಸಿಲು ಬಿದ್ದಿದೆ. ಕೆಳಗೆ ಹೊತ್ತವರು ಹೊತ್ತೇ ನಡೆಯುತ್ತಿದ್ದಾರೆ. ದುಃಖವನ್ನು ಅಳಿಸಿ ಹಾಕಿ ಸಂತೋಷವನ್ನು ಬರೆದದ್ದಲ್ಲ. ದುಃಖದ ಹೆಗಲ ಮೇಲೆಯೇ ಸಂತೋಷವನ್ನು ಕೂರಿಸಿದ್ದು.

ಆ ದಿನ ಜನ ಇನ್ನೊಮ್ಮೆ ಕೇಳಬೇಕೆಂದದ್ದು ಈ ಭಾಗವನ್ನೇ. 'ವಿಜಯ'ಕ್ಕೆ ಚಪ್ಪಾಳೆ ತಟ್ಟಿದ ಅದೇ ಕೈಗಳು. ಮನುಷ್ಯರಿಗೆ ಎರಡೂ ಬೇಕು, ಎರಡೂ ಗೊತ್ತಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

೭

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ತರಬಹುದು. ಸಂಗೀತ ಕೇಳಿ ಉತ್ಸಾಹಗೊಂಡವರೆಲ್ಲ ಒಳ್ಳೆಯವರಾದರೆ? ಇಲ್ಲ. ೧೯೪೨ನೆಯ ಏಪ್ರಿಲಿನಲ್ಲಿ ಹಿಟ್ಲರನ ಹುಟ್ಟುಹಬ್ಬದ ಮುನ್ನಾದಿನ ಬರ್ಲಿನ್ನಿನಲ್ಲಿ ನುಡಿಸಿದ್ದು ಬೀಥೋವೆನ್ನನ ಒಂಬತ್ತನೆಯ ಸಿಂಫನಿ, ಮನುಷ್ಯರೆಲ್ಲ ಸೋದರರೆಂದು ಹಾಡುವ ಕೃತಿ. ನಡೆಸಿದವರು ಫುರ್ಟ್‌ವೆಂಗ್ಲರ್. ಬೀಥೋವೆನ್ನನೂ ಎರಡು ಉಲ್ಲಾಸಗಳ ಭೇದವನ್ನು ನೋಡಿ ಎಚ್ಚರದಿಂದ ನಡೆದವನಲ್ಲ. ೧೮೧೪ರ ನವೆಂಬರಿನಲ್ಲಿ ಯೂರೋಪಿನ ದೊರೆಗಳೆಲ್ಲ ವಿಯನ್ನಾದಲ್ಲಿ ಸೇರಿದ್ದಾಗ ಅವನು ಈ ಎರಡೂ ಕೃತಿಗಳನ್ನು ಮತ್ತೆ ಒಟ್ಟಿಗೇ ನುಡಿಸಿದನು. ಕಲೆ ತನ್ನನ್ನು ತಾನು ಕಾಯ್ದುಕೊಳ್ಳಲಾರದು. ಧರ್ಮದ ಕೆಲಸವನ್ನು ಅದಕ್ಕೆ ವಹಿಸಿ ನಾವು ನಿದ್ರೆಹೋಗುವಂತಿಲ್ಲ.

ಈ ಆಕ್ಷೇಪವನ್ನು ಒಪ್ಪಿಯೂ ಹೇಳಬೇಕಾದದ್ದು ಒಂದಿದೆ. ಸಂಗೀತ ನಮ್ಮನ್ನು ಒಳ್ಳೆಯವರನ್ನಾಗಿ ಮಾಡದಿರಬಹುದು. ಆದರೆ ಎರಡು ಬಗೆಯ ಉಲ್ಲಾಸಗಳ ರುಚಿಯನ್ನು ನಾಲಗೆಯ ಮೇಲೆ ಇಟ್ಟು ತೋರಿಸಬಲ್ಲುದು. ಆಯ್ಕೆ ನಮ್ಮದು. ಆಯ್ಕೆಗೆ ಒಂದು ಒರೆಗಲ್ಲು ಬೇಕಾದರೆ, ಅದು ಇದು: ನನ್ನ ಈ ಸಂತೋಷ ನೊಂದವನ ಮುಂದೆ ನಾಚದೆ ನಿಲ್ಲಬಲ್ಲುದೆ? ಗೆಲುವಿನ ಸಂತೋಷ ಸೋತವನ ಮುಂದೆ ನಿಲ್ಲಲಾರದು, ನಿಂತರೆ ಕ್ರೌರ್ಯವಾಗುತ್ತದೆ. ಮರೆವಿನ ಸಂತೋಷ, ಅಮಲಿನ ಸಂತೋಷ, ನೊಂದವನು ಕಣ್ಣಿಗೆ ಬಿದ್ದೊಡನೆ ಇಳಿದುಹೋಗುತ್ತದೆ. ಆದ್ದರಿಂದ ಅದು ಅವನನ್ನು ಬಾಗಿಲ ಹೊರಗೇ ಇಡಬೇಕಾಗುತ್ತದೆ. ಉತ್ಸಾಹ ಹಾಗಲ್ಲ. ಅದು ನೋವನ್ನು ಬಲ್ಲದ್ದು, ನೋವಿನಿಂದಲೇ ಎದ್ದದ್ದು. ಅದು ನೊಂದವನಿಗೆ ಕೈ ನೀಡಬಲ್ಲುದು.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು. ನೊಂದವನಿಗೆ ಬೇಕಾದದ್ದು ಅನ್ನ, ಔಷಧ, ನ್ಯಾಯ. ನಿಮ್ಮ ಉತ್ಸಾಹದಿಂದ ಅವನಿಗೇನು? ಈ ಮಾತಿಗೆ ನಮ್ಮ ಊರುಕೇರಿಗಳ ಒಂದು ಪದ್ಧತಿಯೇ ಉತ್ತರ ಹೇಳುತ್ತದೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ; ಅನ್ನ ನೆರೆಮನೆಯಿಂದ ಬರಬೇಕು. ಓಲಗವನ್ನು ನಿಲ್ಲಿಸಿದ ಆ ನೆರೆಯವರು ಒಲೆಯನ್ನೂ ಆರಿಸಿ ಅಳುತ್ತ ಕುಳಿತರೆ ಅಳುವವರಿಗೆ ಉಣಿಸುವವರು ಯಾರು? ಹರ್ಷವನ್ನು ಅಡಗಿಸಬೇಕು, ಅದು ಮರ್ಯಾದೆ; ಉತ್ಸಾಹವನ್ನು ಆರಗೊಡಬಾರದು, ಅದು ಧರ್ಮ. ಅನ್ನ, ಔಷಧ, ನ್ಯಾಯ ಇವೆಲ್ಲವೂ ಎದ್ದು ನಿಂತವರ ಕೈಯಿಂದಲೇ ಆಗತಕ್ಕವು. ಲೋಕದ ದುಃಖಕ್ಕಾಗಿ ತನ್ನ ಚೈತನ್ಯವನ್ನೇ ಬತ್ತಿಸಿಕೊಂಡವನು ದುಃಖಿಗಳ ಸಂಖ್ಯೆಗೆ ಒಂದನ್ನು ಕೂಡಿಸಿದನೇ ಹೊರತು ಕಳೆಯಲಿಲ್ಲ.

೮

ಹಾಗೆಂದು ಈ ಹಕ್ಕು ಪುಕ್ಕಟೆಯಾಗಿ ಬಂದದ್ದೆಂದು ತಿಳಿಯಬಾರದು. ಉಲ್ಲಾಸದ ಹಕ್ಕು ಹೊಣೆಯೊಂದಿಗೆ ಬರುತ್ತದೆ. ಅಲ್ಲೆಗ್ರೆಟ್ಟೋವನ್ನು ಬಿಟ್ಟು ಕೊನೆಯ ಭಾಗವನ್ನಷ್ಟೇ ಕೇಳುತ್ತೇನೆಂದರೆ ಅದು ಸಿಂಫನಿಯಾಗದು, ಅಬ್ಬರವಾದೀತು. ಅಂತೆಯೇ ಲೋಕದ ಕಹಿಸುದ್ದಿಯ ಪುಟವನ್ನು ಮಗುಚಿ ಹಾಕಿ ನಗುವವನ ನಗೆ ಹಗುರವಾದದ್ದು. ಆ ಪುಟವನ್ನು ಪೂರ್ತಿ ಓದಿ, ಕೈಲಾದದ್ದನ್ನು ಮಾಡಿ, ಕೈಲಾಗದ್ದರ ಭಾರವನ್ನು ಹೊತ್ತುಕೊಂಡೇ ಏಳುವವನ ನಗೆಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಏಳನೆಯ ಸಿಂಫನಿಯ ಕೊನೆಯಲ್ಲಿ, ಮಂದ್ರದ ವಾದ್ಯಗಳು ಎರಡೇ ಸ್ವರಗಳ ನಡುವೆ ಹೊಯ್ದಾಡುತ್ತ ಗಾಣದಂತೆ ಗುಂಯ್ಗುಡುತ್ತವೆ. ಮೇಲೆ ಸಮಸ್ತ ಮೇಳವೂ ಏರುತ್ತದೆ. ಆ ಏರಿಕೆಯ ತುದಿಯಲ್ಲಿ ಬೀಥೋವೆನ್, ಬಲು ಅಪರೂಪವಾಗಿ ತಾನು ಬಳಸುತ್ತಿದ್ದ ಅತ್ಯಂತ ಗಟ್ಟಿಯಾದ ನಾದದ ಗುರುತನ್ನು ಹಾಕಿದನು. ಮೆಲ್ಲನೆಯ ಸ್ವರಗಳನ್ನು ಕಳೆದುಕೊಂಡಿದ್ದ ಕಿವಿಗೆ ಇಷ್ಟಾದರೂ ಕೇಳಿಸಿರಬೇಕು. ಕೇಳಿಸದಿದ್ದರೂ ಅವನು ಅದನ್ನು ಬರೆಯದೆ ಬಿಡುತ್ತಿರಲಿಲ್ಲ.